ಕುದುರೆಮುಖದ ಜಯವು ಯಾರದು?

ಕುದುರೆಮುಖದ ಗಣಿಯನ್ನು ಕುರಿತು ಶೇಖರ್ ದತ್ತಾತ್ರಿಯವರು 2001ರಲ್ಲಿ ನಿರ್ಮಿಸಿದ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರವನ್ನು ನೋಡಿ ಮನಕರಗದವರು ವಿರಳ. ಸೀಳಿಹೋದ ಬೆಟ್ಟವನ್ನೂ ಕೆಸರಾಗಿ ಹರಿವ ಭದ್ರೆಯನ್ನೂ ಕಂಡ ಮೇಲೆ ಗಣಿಯ ಪರವಾಗಿ ವಾದಿಸುವ ಬಾಯಿ ತಾನಾಗಿಯೇ ಕಟ್ಟುವುದು. 2002ನೆಯ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ದುರ್ಗಿಗುಡಿಯ ವಿದ್ಯಾವಂತರ ಮನೆಗಳಲ್ಲಿ ಇದನ್ನು ಮಲೆನಾಡಿನ ಜಯವೆಂದು ಕೊಂಡಾಡುವುದುಂಟು. ತುಂಗೆಯ ನೀರನ್ನು ಕುಡಿಯುವವರು ಗಂಗಾಮೂಲದ ಮೇಲಣ ಕಾಡು ಉಳಿಯಿತೆಂದು ಹಿಗ್ಗುವುದು ಸಹಜವೇ.

ಆದರೆ ಆ ಬೆಟ್ಟದಲ್ಲಿ ಸಿಂಗಳೀಕಗಳಲ್ಲದೆ ಮನುಷ್ಯರೂ ಇರುವರು. ಕಂಪನಿಯ ಹೆಸರು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಮಲೆಕುಡಿಯರು ಅಲ್ಲಿ ಜೇನು, ಸೀಗೆ ಕೂಡಿಸಿ, ಚೂರುಪಾರು ಬೇಸಾಯ ಮಾಡಿ ಬದುಕಿದವರು. 1969ರಲ್ಲಿ ಗಣಿಗೆ 30 ವರ್ಷದ ಗುತ್ತಿಗೆ ದೊರೆಯಿತು. ಅದು 1999ರಲ್ಲಿ ತೀರಿದ ಮೇಲೂ ತಾತ್ಕಾಲಿಕ ಅಪ್ಪಣೆಗಳ ಬಲದಿಂದ ಅಗೆತ ಸಾಗಿತು. ಅದಿರಿನ ರಾಡಿಯನ್ನು ಮಂಗಳೂರಿಗೊಯ್ಯಲು 67 ಕಿಲೋಮೀಟರ್ ಕೊಳವೆ, ನೌಕರರಿಗೆ ಊರು, ಆಸ್ಪತ್ರೆ, ರಸ್ತೆ, ವಿದ್ಯುದ್ದೀಪ ಎಲ್ಲವೂ ಆ ಬೆಟ್ಟಸಾಲಿನಲ್ಲಿಯೇ ಒದಗಿದುವು. ಮಲೆಕುಡಿಯನು ಹಳ್ಳಕ್ಕೊಂದು ಕಾಲುಸಂಕ, ಮನೆಗೊಂದು ದೀಪ ಬೇಡಿದರೆ ಮಾತ್ರ ರಾಷ್ಟ್ರೀಯ ಉದ್ಯಾನದ ನಿಯಮವು ಅಡ್ಡಬರುತ್ತದೆ! ಬೆಟ್ಟವನ್ನು ಅಗೆದವನಿಗೆ ವರ್ಷಗಳ ಗಡುವು, ಬೆಟ್ಟದಲ್ಲಿ ಬಾಳಿದವನಿಗೆ ಒಕ್ಕಲೆಬ್ಬಿಸುವ ಭಯ. ಇದು ಯಾವ ತಕ್ಕಡಿ?

ಪರಿಹಾರ ಪಡೆದು ಸ್ವಇಚ್ಛೆಯಿಂದ ಹೊರಬರಲಿ, ಅವರ ಮಕ್ಕಳಿಗೂ ಶಾಲೆ ಸಿಕ್ಕೀತೆಂದು ಕೆಲವು ಮಹನೀಯರು ವಾದಿಸುವರು. ಹೊರಡಲು ಮನಸ್ಸುಳ್ಳವರು ಹೊರಡಲಿ, ತಡೆಯುವವರಾರು? ಆದರೆ ದಾರಿ ದೀಪಗಳನ್ನು ವರ್ಷಾನುವರ್ಷ ನಿರಾಕರಿಸಿ, ಬೇಸತ್ತವನು ಕೊಟ್ಟ ಒಪ್ಪಿಗೆಯನ್ನು ಸ್ವಇಚ್ಛೆಯೆನ್ನುವುದು ಭಾಷೆಗೇ ಮಾಡಿದ ಅನ್ಯಾಯ.

ಇದು ಕಬ್ಬಿಣದ ಮೇಲಣ ದ್ವೇಷದ ಮಾತಲ್ಲ. 1918ರಲ್ಲಿ ಸ್ಥಾಪಿತವಾದ ಕಾರ್ಖಾನೆಯ ನೆರಳಿನಲ್ಲಿ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಬೆಳೆದ ಭದ್ರಾವತಿಯ ನೆರೆಯವರು ಹಾಗೆನ್ನುವಂತಿಲ್ಲ. ಅರಣ್ಯವಾಸಿಗಳ ಹಕ್ಕನ್ನು ಒಪ್ಪಿದ 2006ರ ಕಾಯಿದೆಯು, ಹಕ್ಕಿನ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸಕೂಡದೆಂದೂ, ವನ್ಯಜೀವಿಗಳಿಗೆಂದೇ ಮೀಸಲಿಡುವ ನೆಲದಿಂದ ಸ್ಥಳಾಂತರಿಸಲು ಗ್ರಾಮಸಭೆಯ ಒಪ್ಪಿಗೆ ಬೇಕೆಂದೂ ವಿಧಿಸಿದೆ. ನದಿಯ ಹೆಸರಿನಲ್ಲಿ ಸಭೆ ಕೂಡಿಸಿ ಚಿತ್ರ ತೋರಿಸುವವರು ಆ ಒಪ್ಪಿಗೆಯ ಕಾಗದವನ್ನೂ ಕೇಳಿ ನೋಡತಕ್ಕದ್ದು. ವೇದಿಕೆಯ ಮೇಲೆ ಒಬ್ಬ ಮಲೆಕುಡಿಯನಿಗೂ ಕುರ್ಚಿ ಹಾಕತಕ್ಕದ್ದು.