ನಮ್ಮ ನೋವು ಬೇಕು, ನಮ್ಮ ಕಲ್ಪನೆ ಬೇಡವೇ?

ಕೇರಿಯ ಹುಡುಗನೋ ಹುಡುಗಿಯೋ ಬರೆಯಲು ಕೂತರೆ ನಮ್ಮ ಸಾಹಿತ್ಯದ ಯಜಮಾನರು ಈಗ ಬೇಡ ಅನ್ನುವುದಿಲ್ಲ. ಬೆನ್ನು ತಟ್ಟುತ್ತಾರೆ. ನಿನ್ನ ಬದುಕು ಬರಿಯಪ್ಪ, ಉಂಡ ಅವಮಾನ ಬರಿ, ಆತ್ಮಕಥೆ ಬರಿ ಅಂತಾರೆ. ಅದೇ ಹುಡುಗ ಕಾದಂಬರಿ ಬರೆದು ತಂದರೆ, ಇದರಲ್ಲಿ ನಿನ್ನ ಅನುಭವ ಎಲ್ಲಿದೆ ಅಂತಾರೆ. ಸರಿ ಅಂತ ಅನುಭವ ಬರೆದು ತಂದರೆ, ಅನುಭವ ಇದೆ, ಕಲೆ ಇಲ್ಲ ಅಂತಾರೆ. ಹೋದರೂ ಏಟು, ಬಂದರೂ ಏಟು.

ಊರಲ್ಲಿ ಕೆಲಸ ಹಂಚಿದವರೇ ಸಾಹಿತ್ಯದಲ್ಲೂ ಕೆಲಸ ಹಂಚುತ್ತಿದ್ದಾರೆ. ಕಲ್ಪನೆ ಅವರದಂತೆ, ಕಣ್ಣೀರು ನಮ್ಮದಂತೆ. ಈ ಹಂಚಿಕೆಯನ್ನು ನಾವು ಒಪ್ಪಬೇಕಾಗಿಲ್ಲ.

ಚರಿತ್ರೆ ನೋಡಿ. ಮರಾಠಿಯಲ್ಲಿ ಬಾಬುರಾವ್ ಬಾಗೂಲರ ಕಥಾಸಂಕಲನ ಬಂದದ್ದು 1963ರಲ್ಲಿ. ದಯಾ ಪವಾರರ ಆತ್ಮಕಥೆ 'ಬಲುತ' ಬಂದದ್ದು 1978ರಲ್ಲಿ. ಕನ್ನಡದಲ್ಲಿ ದೇವನೂರ ಮಹಾದೇವರ ಕಥೆಗಳು 'ದ್ಯಾವನೂರು' ಎಂದು ಪುಸ್ತಕವಾದದ್ದು 1973ರಲ್ಲಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರದು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದು, ಸಿದ್ಧಲಿಂಗಯ್ಯನವರ 'ಊರುಕೇರಿ' 1996ರದು. ಅಂದರೆ ಮೊದಲು ಬಂದದ್ದು ಕತೆ, ಹಾಡು. ಆತ್ಮಕಥೆ ಬಂದದ್ದು ಆಮೇಲೆ. ದಲಿತನಿಗೆ ತನ್ನ ಗೋಳು ಬಿಟ್ಟು ಬೇರೇನೂ ಬರೆಯಲು ಬಾರದು ಅನ್ನುವವರು ಈ ಇಸವಿಗಳನ್ನಾದರೂ ಓದಿಕೊಳ್ಳಲಿ.

'ಒಡಲಾಳ'ದಲ್ಲಿ ಕದ್ದು ತಂದ ಕಡಲೆಕಾಯನ್ನು ಮನೆಮಂದಿಯೆಲ್ಲ ಕೂತು ತಿಂದು ಮುಗಿಸುತ್ತಾರೆ. ಹಸಿವನ್ನು ಅಲ್ಲಿ ಅಳಿಸಿ ತೋರಿಸಿಲ್ಲ, ಹಬ್ಬ ಮಾಡಿ ತೋರಿಸಿದೆ. 1984ರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಗಳು ಸೇರಿ ಮಾತಾಡುತ್ತವೆ, ಮಂಚ ಮಾತಾಡುತ್ತದೆ. ಇದು ಯಾವ ಸಮಾಜಶಾಸ್ತ್ರದ ವರದಿ ಸ್ವಾಮಿ? ಕೇರಿಯ ಆಡುಮಾತಲ್ಲಿ ಹುಟ್ಟಿದ ಕಲ್ಪನೆ ಅದು. ಈ ಭಾಷೆ ಓದಕ್ಕಾಗಲ್ಲ ಎಂದು ಗೊಣಗಿದವರಿದ್ದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದೇ ಕೃತಿಗೆ.

ಆತ್ಮಕಥೆ ಬೇಡ ಎಂದು ನಾವು ಹೇಳುತ್ತಿಲ್ಲ. ಅದು ನಮ್ಮ ಸಾಕ್ಷಿ. 'ಊರುಕೇರಿ' ಓದಿದವರಿಗೆ ಗೊತ್ತು, ಅಲ್ಲಿ ನೋವಿನ ಜೊತೆಗೇ ನಗುವೂ ಇದೆ. ಆದರೆ ಯಾವುದನ್ನು ತನ್ನ ಹೆಸರಲ್ಲಿ ಹೇಳಬೇಕು, ಯಾವುದನ್ನು ಕತೆಯಲ್ಲಿ ಹೇಳಬೇಕು ಎಂಬುದನ್ನು ತೀರ್ಮಾನಿಸುವವರು ಬರೆಯುವವರೇ ಆಗಬೇಕು. ಸಂಪಾದಕರಲ್ಲ, ಪ್ರಕಾಶಕರಲ್ಲ. ಯಾಕೆಂದರೆ ಆತ್ಮಕಥೆ ಅಚ್ಚಾದ ಮಾರನೇ ದಿನ ಬರೆದವನ ಅವ್ವ ಅದೇ ಗೌಡರ ಹೊಲಕ್ಕೆ ಕೂಲಿಗೆ ಹೋಗಬೇಕು. ಬರೆದವಳ ತಂಗಿ ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕು. ನಗರದ ಓದುಗನಿಗೆ ಅದು ಮನಕಲಕುವ ಪುಸ್ತಕ. ಅವರಿಗೆ ಅದು ದಿನದ ಬಾಳು. ಇಂಥಲ್ಲಿ ಕತೆ ಅನ್ನುವುದು ಹೇಡಿತನವಲ್ಲ, ಸತ್ಯ ಹೇಳಲು ಇರುವ ಇನ್ನೊಂದು ದಾರಿ.

ಇನ್ನು ಅಚ್ಚಿನ ಮಾತು. ಹೊಸಬ ಹಸ್ತಪ್ರತಿ ಹಿಡಿದು ಹೋದರೆ ಎಷ್ಟೋ ಕಡೆ ಮೊದಲು ಕೇಳುವುದು ದುಡ್ಡು. ಕಾಗದದ ಖರ್ಚು ನಿನ್ನದು, ಮುದ್ರಣದ ಖರ್ಚು ನಿನ್ನದು, ಗೌರವಧನದ ಬದಲು ನಿನ್ನ ಪುಸ್ತಕದ ಕಟ್ಟೇ ನಿನಗೆ. ಕೂಲಿಯವರ ಮಗ ಇದನ್ನು ಎಲ್ಲಿಂದ ತರಬೇಕು? ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ. ಆ ಸುದ್ದಿಯನ್ನು ತಾಲ್ಲೂಕಿನ ಹಾಸ್ಟೆಲ್ಲಿಗೆ ಮುಟ್ಟಿಸುವವರು ಯಾರು? ನಾವೇ ಮುಟ್ಟಿಸಬೇಕು.

ಬಾಗಿಲು ಯಾವತ್ತೂ ತಾನಾಗಿ ತೆರೆದಿಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿ ಕೇಳಿದರೆ ಕೊಡಲಿಲ್ಲ. ಅದಕ್ಕೇ 1979ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ತಮ್ಮದೇ ಸಮ್ಮೇಳನ ಮಾಡಿದರು. ಜಾಗ ಕೊಡದಿದ್ದಾಗ ಜಾಗ ಮಾಡಿಕೊಂಡವರ ಚರಿತ್ರೆ ಇದು. ಆ ಬಂಡಾಯದ ಜೊತೆ ಬೆಳೆದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅವು 1990ರಿಂದ ಈಚೆಗೆ ಕನ್ನಡದಲ್ಲೇ ಬರೆದ ಕಥೆಗಳು. ಲಂಡನ್ನಿನವರು ಹೇಳಿದ ಮೇಲೆ ಹಾರ ತಂದವರು, ಅಲ್ಲೀತನಕ ಅವನ್ನು ಓದಿದ್ದರೇ?

ಗೆಳೆಯರೇ, ಗೊಣಗಿ ಕೂರುವುದು ಬೇಡ. ಉಪಾಧ್ಯಾಯ ಮಿತ್ರರೇ, ಮಕ್ಕಳ ಮನೆಮಾತನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಡಿ, ಆ ಮಾತಲ್ಲೇ ಕತೆ ಬರೆಸಿ. ವಿದ್ಯಾರ್ಥಿ ಗೆಳೆಯರೇ, ಹಾಸ್ಟೆಲ್ಲಿನಲ್ಲಿ ಕೈಬರಹದ ಪತ್ರಿಕೆಯನ್ನಾದರೂ ತನ್ನಿ. ಸಂಘಟನೆಯವರೇ, ಹೊಸಬರ ಪುಸ್ತಕವನ್ನು ಪುಕ್ಕಟೆ ಕೇಳಬೇಡಿ, ದುಡ್ಡು ಕೊಟ್ಟು ಕೊಳ್ಳಿ, ಕೇರಿಯಲ್ಲಿ ಕೂತು ಗಟ್ಟಿಯಾಗಿ ಓದಿ. ಸಣ್ಣ ಪತ್ರಿಕೆ ನಡೆಸುವವರೇ, ನೀನು ಏನು ಅನುಭವಿಸಿದೆ ಎಂದು ಕೇಳುವಷ್ಟೇ ಆಸೆಯಿಂದ, ಏನು ಕನಸು ಕಂಡೆ ಎಂದೂ ಕೇಳಿ.