ದೇವರ ರೂಪಕ್ಕೆ ವಾರಸುದಾರರು ಯಾರು?

ದೇವರ ಚಿತ್ರ ಬರೆಯುವ ಅಧಿಕಾರ ಹುಟ್ಟಿನಿಂದ ಬರುವುದೋ, ಒಡನಾಟದಿಂದ ಬರುವುದೋ? ಚಿತ್ರಕಾರ ಎಂ. ಎಫ್. ಹುಸೇನರ ಸುತ್ತ ಎದ್ದ ಜಗಳದ ಬೇರು ಇದೇ. ಅವರು 1915ರಲ್ಲಿ ಹುಟ್ಟಿದ್ದು ಪಂಢರಪುರದಲ್ಲಿ, ನಮ್ಮ ಧಾರವಾಡ ಸೀಮೆಯ ಜನ ದಿಂಡಿ ಕಟ್ಟಿಕೊಂಡು ಇಂದಿಗೂ ನಡೆದು ಹೋಗುವ ವಿಠ್ಠಲನ ಊರಿನಲ್ಲಿ. ಮುಂಬಯಿಯಲ್ಲಿ ಸಿನಿಮಾ ಫಲಕಗಳಿಗೆ ಬಣ್ಣ ಹಚ್ಚಿ ಹೊಟ್ಟೆ ಹೊರೆದವರು, ಮುಂದೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಪ್ರೇರಣೆಯಿಂದ ರಾಮಾಯಣವನ್ನು ವರ್ಷಗಟ್ಟಲೆ ಚಿತ್ರಿಸಿದರು. ಆ ಚಿತ್ರಗಳು ಹೈದರಾಬಾದಿನ ಸುತ್ತಲ ಹಳ್ಳಿಗಳಿಗೆ ಚಕ್ಕಡಿಯ ಮೇಲೆ ಹೋದವು. ರಾಮಕಥೆ ಅವರಿಗೆ ಪರರ ಸ್ವತ್ತಾಗಿರಲಿಲ್ಲ.

1970ರ ದಶಕದ ಅವರ ಸರಸ್ವತಿಯ ನಗ್ನ ರೇಖಾಚಿತ್ರ ದೊಡ್ಡ ಗದ್ದಲವಾದದ್ದು 1996ರಲ್ಲಿ, ಹಿಂದಿ ಮಾಸಿಕವೊಂದು ಅದನ್ನು ಅಚ್ಚುಹಾಕಿದ ಮೇಲೆ. 1998ರಲ್ಲಿ ಅವರ ಮನೆಯ ಮೇಲೆ ದಾಳಿಯಾಯಿತು; 2006ರಲ್ಲಿ ಅವರು ದೇಶ ಬಿಟ್ಟರು. ನಗ್ನತೆಯೇ ಅಪಚಾರ ಎನ್ನುವವರು ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ, ನಾಗನಾಥಕೊಳ್ಳದ ಬತ್ತಲೆ ದೇವಿ ಲಜ್ಜಾಗೌರಿಯನ್ನು ನೋಡಬೇಕು. ಅದು ಪೂಜೆಯ ಮೂರ್ತಿ, ಇದು ಗ್ಯಾಲರಿಯ ಚಿತ್ರ ಎಂಬ ಮಾತು ಸರಿಯೇ. ಆದರೆ ಬತ್ತಲೆ ದೇಹ ತಾನಾಗಿಯೇ ಅಶ್ಲೀಲವಲ್ಲ ಎಂಬುದಂತೂ ಈ ನೆಲದವರಿಗೆ ಹೊಸ ಪಾಠವಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಮ್ಮ ಧರ್ಮದ ವಿಷಯದಲ್ಲಿ ಅವರು ಇಷ್ಟೇ ಧೈರ್ಯ ತೋರುತ್ತಿದ್ದರೇ? 2004ರಲ್ಲಿ ಅವರ 'ಮೀನಾಕ್ಷಿ' ಸಿನಿಮಾದ ಒಂದು ಹಾಡನ್ನು ಮುಸ್ಲಿಂ ಸಂಘಟನೆಗಳು ವಿರೋಧಿಸಿದಾಗ ಅವರು ಸಿನಿಮಾವನ್ನೇ ಹಿಂತೆಗೆದುಕೊಂಡರು, ನಿಜ. ಆದರೆ 2006ರಲ್ಲಿ ಭಾರತಮಾತೆ ಎಂದು ಕರೆಯಲಾದ ಚಿತ್ರಕ್ಕೂ ಕ್ಷಮೆ ಕೇಳಿ ಅದನ್ನು ಹರಾಜಿನಿಂದ ಹಿಂತೆಗೆಸಿದರು. ಎರಡೂ ಕಡೆ ಬಗ್ಗಿದ್ದು ಒಬ್ಬನೇ ಕಲಾವಿದ. ಒಂದು ಕಡೆಯ ಬೆದರಿಕೆಯನ್ನು ತೋರಿಸಿ ಇನ್ನೊಂದನ್ನು ಸಮರ್ಥಿಸಲಾಗದು.

ಇನ್ನು ಹುಟ್ಟಿನ ಮಾತು. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಮುಸ್ಲಿಮರಾದ ಶಿಶುನಾಳದ ಶರೀಫರನ್ನು ಶಿಷ್ಯನಾಗಿ ಸ್ವೀಕರಿಸುವಾಗ ಜಾತಿ ನೋಡಲಿಲ್ಲ. ಶರೀಫರು ಹಾಡಿದ ದೇವರನ್ನು ಈ ಭಾಗದ ಭಜನಾ ಮೇಳಗಳು ತಮ್ಮವನೆಂದೇ ಹಾಡುತ್ತವೆ. ಶರೀಫರದು ಭಕ್ತಿ, ಹುಸೇನರದು ಕಲೆ ಎಂದು ಯಾರಾದರೂ ಬೇರ್ಪಡಿಸಬಹುದು. ಹಾಗಾದರೆ ತಕರಾರು ಚಿತ್ರದ ಗುಣದ ಬಗೆಗೆ ಇರಬೇಕು, ಬರೆದವನ ಹೆಸರಿನ ಬಗೆಗಲ್ಲ. ನೊಂದವರ ನೋವು ಸುಳ್ಳಲ್ಲ. ಅದನ್ನು ಬರೆದು ಹೇಳಲು, ನ್ಯಾಯಾಲಯಕ್ಕೆ ಹೋಗಲು ಅವರಿಗೆ ದಾರಿಯಿತ್ತು, ಹೋದರು ಕೂಡ. 2008ರ ಮೇ 8ರಂದು ದಿಲ್ಲಿ ಹೈಕೋರ್ಟ್ ಭಾರತಮಾತೆ ಚಿತ್ರದ ಮೊಕದ್ದಮೆಗಳನ್ನು ರದ್ದುಮಾಡಿತು. ಆದರೂ ಹುಸೇನರು ಮರಳಲಿಲ್ಲ. 2010ರಲ್ಲಿ ಕತಾರಿನ ಪೌರತ್ವ ಪಡೆದು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಾನೂನು ಬಿಡುಗಡೆ ಮಾಡಿದವನಿಗೂ ಊರಿಗೆ ಬರುವ ಧೈರ್ಯ ಬಾರದಂತೆ ಮಾಡಿದ್ದು ನೊಂದ ಭಕ್ತಿಯಲ್ಲ, ಗುಂಪಿನ ಬಲ.