ಮೂರೂವರೆ ಕೆಜಿ ಚೆಕ್‌ರೋಲು

ಹೋದ ಮಳೆಗಾಲ ಹಿಡಿಯುವ ಮುಂಚೆ ನಮ್ಮೂರು ಮಲ್ಲಂದೂರಿನಲ್ಲಿ ಒಂದು ಗುಜರಿ ಆಟೋ ನಿಂತಿತ್ತು. ತುಕ್ಕು ಹಿಡಿದ ಪಲ್ಪರ್ ಡ್ರಮ್ಮು, ಔಷಧಿ ಹೊಡೆಯುವ ಒಡಕು ಕ್ಯಾನು, ಅವುಗಳ ಮೇಲೆ ಗೋಣಿ ಹುರಿಯಲ್ಲಿ ಬಿಗಿದ ಉದ್ದುದ್ದ ಪುಸ್ತಕಗಳ ಕಟ್ಟು. ಕಾಫಿ ತೋಟದಲ್ಲಿ 34 ವರ್ಷ ರೈಟರ್ ಆಗಿದ್ದವನಿಗೆ ಅವು ಏನೆಂದು ಯಾರೂ ಹೇಳಬೇಕಾಗಿಲ್ಲ. ಚೆಕ್‌ರೋಲು, ಆಳುಗಳ ಹಾಜರಿ ಮತ್ತು ಕೂಲಿಯ ಪುಸ್ತಕ. ‘ಅದೊಂದು ಕಟ್ಟು ಕೊಡು ಮಾರಾಯ’ ಅಂದೆ. ‘ಕೆಜಿಗೆ ಹದಿನೈದು’ ಅಂದ. ತೂಗಿದರೆ ಮೂರೂವರೆ ಕೆಜಿ ಬಂತು. ಚೌಕಾಸಿ ಮಾಡಲಿಲ್ಲ.

ಮನೆಗೆ ತಂದು ಬಿಚ್ಚಿದೆ. ಮೇಲಿನ ಪುಸ್ತಕ 1987ರದು. ಯಾವುದೋ ತೋಟದ್ದು, ಯಾರದೋ ಅಕ್ಷರ, ಆದರೆ ಗೆರೆಗಳೆಲ್ಲ ನಾನು ಎಳೆದಂಥವೇ. ಎಡಕ್ಕೆ ಹೆಸರು, ಆಮೇಲೆ 1ರಿಂದ 31ರವರೆಗೆ ಸಣ್ಣ ಸಣ್ಣ ಮನೆಗಳು, ಕೊನೆಗೆ ಒಟ್ಟು ದಿನ, ಅಡ್ವಾನ್ಸ್ ಮುರಿದದ್ದು, ಕೈಗೆ ಕೊಟ್ಟದ್ದು, ಹೆಬ್ಬೆಟ್ಟು. ಆ ತೋಟದಲ್ಲಿ ಮೂವರು ಲಕ್ಷ್ಮಿಯರಿದ್ದರು. ರೈಟರ್ ಮಹಾಶಯ ಅವರನ್ನು ಲಕ್ಷ್ಮಿ 1, ಲಕ್ಷ್ಮಿ 2, ಲಕ್ಷ್ಮಿ 3 ಎಂದು ಬರೆದುಕೊಂಡಿದ್ದಾನೆ. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಮೂರನೇ ಲಕ್ಷ್ಮಿಯ ಸಾಲು ಜುಲೈ 9ಕ್ಕೆ ನಿಂತಿದೆ. ಮುಂದಿನ ಮನೆಗಳ ಮೇಲೆ ಕೆಂಪು ಶಾಯಿಯಲ್ಲಿ ‘ಹೆರಿಗೆ’ ಎಂದು ಅಡ್ಡಲಾಗಿ ಬರೆದಿದೆ. ಆಗಸ್ಟ್ ಪುಟದಲ್ಲಿ ಅವಳ ಹೆಸರೇ ಇಲ್ಲ. ಡಿಸೆಂಬರಿನಲ್ಲಿ ಹಣ್ಣು ಕುಯ್ಯಲು ಮತ್ತೆ ಬಂದಿದ್ದಾಳೆ. ಆ ಕೂಸಿಗೆ ಈಗ ನಲವತ್ತರ ಹತ್ತಿರ ವಯಸ್ಸಾಗಿರಬೇಕು. ತಾನು ಹುಟ್ಟಿದ ತಿಂಗಳು ಒಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿದೆ ಎಂಬುದು ಅದಕ್ಕೆ ಗೊತ್ತಿರಲಾರದು.

ನಮ್ಮೂರು ಎಲ್ಲಿ ಎಂದು ಹೇಳಿದರೆ ಪೇಟೆಯವರು ‘ಓ, ಮುತ್ತೋಡಿಗೆ ಹೋಗೋ ದಾರೀಲಿ ಸಿಗುತ್ತಲ್ಲ’ ಅನ್ನುತ್ತಾರೆ. ತಪ್ಪೇನಲ್ಲ. ಚಿಕ್ಕಮಗಳೂರಿನಿಂದ ಪಶ್ಚಿಮಕ್ಕೆ, ಬಾಬಾಬುಡನ್ ಸಾಲಿನ ಕೆಳಗೆ, ಸುತ್ತ ಕಾಫಿ ತೋಟ. ಅದನ್ನು ದಾಟಿದರೆ ಮುತ್ತೋಡಿ ಕಾಡು, ಸೋಮವಾಹಿನಿ ಹೊಳೆ. ಆ ನೀರು ಭದ್ರೆಗೆ ಸೇರುತ್ತದೆ. ಕಾಡು 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯ ಅನ್ನಿಸಿಕೊಂಡು, 1974ರಲ್ಲಿ ಭದ್ರಾ ಎಂದಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಕೆಲವು ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೆ ಎದ್ದು ಹೋದವು.

ಇದು ಕಾಡಿನ ಕಥೆ. ತೋಟದ ಚರಿತ್ರೆ ಬೇಕೆಂದರೆ ಹೋಂಸ್ಟೇ ಬೋರ್ಡು ಓದಬಹುದು. ಬಾಬಾಬುಡನ್ ತಂದ ಏಳು ಬೀಜ, ಆಮೇಲೆ ತೋಟ ಎಬ್ಬಿಸಿದ ಕ್ಯಾನನ್ ದೊರೆ, ಆಮೇಲೆ ನೇರವಾಗಿ ಕ್ಯಾಂಪ್‌ಫೈರ್. ಇನ್ನೂ ಹಿಂದಿನದು ಬೇಕಾದವರಿಗೆ ಬಿ.ಎಲ್. ರೈಸ್ ಇದ್ದಾನೆ. 1901ರಲ್ಲಿ ಅವನು ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಆರನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದು. ಆಗ ಇದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು 1947ರಲ್ಲಿ ಬಂತು. ತುರುಗಾಳಗದಲ್ಲಿ ಸತ್ತ ಬಂಟರ ಹೆಸರು ಕಲ್ಲಿನಲ್ಲೂ ಇವೆ, ಆ ಪುಸ್ತಕದಲ್ಲೂ ಇವೆ. ನನ್ನ ಕಣ್ಣೆದುರೇ ಬೋರರ್ ಹಿಡಿದು, ಮರಗಸಿ ಮಾಡಿ, ಮಳೆಯಲ್ಲಿ ಗೊರಬು ಹೊದ್ದು ಕಳೆ ಹೊಡೆದ ಕೂಲಿ ಲೈನ್ ಮನೆಯ ಜನರ ಹೆಸರು ಎಲ್ಲಿವೆ?

ಎರಡು ವರ್ಷದ ಕೆಳಗೆ ಮಗ ಅಮೆರಿಕಕ್ಕೆ ಕರೆಸಿಕೊಂಡಿದ್ದ. ಅಯೋವಾದಲ್ಲಿ ಅವನಿರುವ ಊರು ನಮ್ಮ ಆಲ್ದೂರಿನಂಥದೇ ಸಣ್ಣದು, ಕಾಫಿ ಬದಲು ಮುಸುಕಿನ ಜೋಳ. ಹೊತ್ತು ಹೋಗದೆ ಅಲ್ಲಿನ ಲೈಬ್ರರಿಗೆ ಹೋದೆ. ಅಲ್ಲಿದ್ದ ಅಜ್ಜಿ ಕಂಪ್ಯೂಟರಿನಲ್ಲಿ 1950ರ ಜನಗಣತಿಯ ಹಾಳೆ ತೆಗೆದು ತೋರಿಸಿದರು. ಯಾವನೋ ಗಣತಿದಾರ ಪೆನ್ನಿನಲ್ಲಿ ಬರೆದದ್ದು. ಹೆಸರು, ವಯಸ್ಸು, ಹುಟ್ಟಿದ ಜಾಗ, ಕೆಲಸ. ಗದ್ದೆಯ ಕೂಲಿಯವನ ಹೆಸರೂ ಬ್ಯಾಂಕಿನವನ ಹೆಸರೂ ಒಂದೇ ಅಕ್ಷರದಲ್ಲಿ ಒಂದರ ಕೆಳಗೊಂದು. ಎಪ್ಪತ್ತೆರಡು ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ಬಿಚ್ಚುವುದು ಅಲ್ಲಿನ ಕ್ರಮ. ಇದು 2022ರ ಏಪ್ರಿಲಿನಲ್ಲಿ ಬಿಚ್ಚಿದ್ದು. ಆ ದೇಶವನ್ನು ಹೊಗಳಲು ಹೇಳುತ್ತಿಲ್ಲ. 1850 ಮತ್ತು 1860ರಲ್ಲಿ ಅವರು ಗುಲಾಮರಿಗೆ ಬೇರೆಯೇ ಪಟ್ಟಿ ಮಾಡಿದ್ದರು. ಅದರಲ್ಲಿ ಯಜಮಾನನ ಹೆಸರು ಇರುತ್ತಿತ್ತು, ಗುಲಾಮರ ಲೆಕ್ಕಕ್ಕೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ.

ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ದಾಖಲೆಯನ್ನು ಹೊರಗಿನವರು ನೋಡುವಂತಿಲ್ಲ. ಅದಕ್ಕೆ ಅದರದೇ ಕಾರಣಗಳಿವೆ, ತಕರಾರಿಲ್ಲ. ನಮ್ಮ ಕೈಗೆ ಸಿಗುವುದು ಊರಿಗಿಷ್ಟು ಮನೆ, ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಓದು ಬಲ್ಲವರು ಎಂಬ ಅಂಕಿ ಮಾತ್ರ. ಜಮೀನಿದ್ದವನಿಗೆ ಪಹಣಿ ಇದೆ. ಲೈನಿನಲ್ಲಿದ್ದವನಿಗೆ? ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಹಿಂದೆ ಬಂದವರು, ತಮಿಳುನಾಡಿನಿಂದ ಬಂದವರು, ಇಲ್ಲಿಯ ಹಟ್ಟಿಗಳಿಂದಲೇ ಬಂದವರು, ಇವರು ಯಾವ ವರ್ಷ ಬಂದರು, ಎಷ್ಟು ಜನ ಬಂದರು, ಯಾವಾಗ ಬಿಟ್ಟು ಹೋದರು ಎಂಬುದಕ್ಕೆ ಚೆಕ್‌ರೋಲು ಬಿಟ್ಟರೆ ಬಹುಪಾಲು ಬೇರೆ ಕಾಗದವೇ ಇಲ್ಲ.

ಚರಿತ್ರೆ ಹಾಳಾಗಲಿ, ಹೊಟ್ಟೆಯ ವಿಷಯಕ್ಕೆ ಬರೋಣ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷ ಬಿಡದೆ ದುಡಿದವರಿಗೆ ಹಕ್ಕಿತ್ತು, ಎಷ್ಟು ವರ್ಷವೋ ಅಷ್ಟರ ಲೆಕ್ಕ. ಒಂದು ತೋಟದಲ್ಲಿ 22 ವರ್ಷ ದುಡಿದ ಹೆಂಗಸೊಬ್ಬಳು ನನ್ನ ಹತ್ತಿರ ಬಂದಿದ್ದಳು. ತೋಟ ಕೈ ಬದಲಾಗಿತ್ತು. ಹೊಸಬರ ಹತ್ತಿರ ಇದ್ದದ್ದು 9 ವರ್ಷದ ಪುಸ್ತಕ. ‘ರೈಟರಯ್ಯ, ನೀವು ನೋಡಿದ್ದೀರಲ್ಲ, ಬರೆದುಕೊಡಿ’ ಅಂದಳು. ನೋಡಿದ್ದೆ, ಆದರೆ ಆ ತೋಟದ ರೈಟರ್ ನಾನಲ್ಲ. ಒಂಬತ್ತು ವರ್ಷದ್ದು ಸಿಕ್ಕಿತು. ಉಳಿದ ಹದಿಮೂರು ವರ್ಷ ಯಾವ ಆಟೋದಲ್ಲಿ ಹೋಯಿತೋ.

ಈಗಿನ ಪುಸ್ತಕಗಳನ್ನೂ ನೋಡುತ್ತೇನೆ, ಹಳೇ ಚಾಳಿ. ಕುಯ್ಲಿಗೆ ಅಸ್ಸಾಮಿನಿಂದ, ಬಂಗಾಳದಿಂದ ಜನ ಬರುತ್ತಾರೆ. ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ, ಅದನ್ನು ಎಲ್ಲ ಸಾಹುಕಾರರೂ ಒಪ್ಪುತ್ತಾರೆ. ಮೊನ್ನೆ ಒಂದು ತೋಟದ ಆಫೀಸಿನಲ್ಲಿ ಮೇಜಿನ ಮೇಲಿದ್ದ ಹಾಳೆಯಲ್ಲಿ ಕಂಡದ್ದು ಒಂದೇ ಸಾಲು: ‘ಅಸ್ಸಾಂ, 14 ಆಳು.’ ದುಡ್ಡು ಕಂಟ್ರಾಕ್ಟರನ ಖಾತೆಗೆ. ಹೆಸರು ಕೇಳಿದೆ. ‘ಅವರ ಹೆಸರೆಲ್ಲ ಬಾಯಿಗೆ ಬರಲ್ಲ ಸಾರ್’ ಅಂದ ಹುಡುಗ. ನಾವು ಲಕ್ಷ್ಮಿಯರಿಗೆ ನಂಬರ್ ಹಾಕಿದವರು, ದೊಡ್ಡ ಮಾತಾಡುವ ಯೋಗ್ಯತೆ ನನಗಿಲ್ಲ. ಆದರೂ ನಂಬರಿನ ಹಿಂದೆ ಲಕ್ಷ್ಮಿ ಎಂಬ ಹೆಸರಾದರೂ ಇತ್ತು. ಅಯೋವಾದ ಅಜ್ಜಿಗೆ ಈ ಹಾಳೆ ತೋರಿಸಿದ್ದರೆ 1850ರ ಪಟ್ಟಿ ನೆನಪಾಗುತ್ತಿತ್ತು.

ತೋಟದ ಮಾಲೀಕರಲ್ಲಿ ಕೇಳುವುದು ಎರಡು. ಕುಯ್ಲಿಗೆ ಬಂದವರ ಹೆಸರು, ಊರು ಬರೆಸಿ. ಬಾಯಿಗೆ ಬರದಿದ್ದರೆ ಅವರಿಂದಲೇ ಬರೆಸಿ. ಹಳೇ ಚೆಕ್‌ರೋಲು ಗೆದ್ದಲಿಗೆ ಬಿಡಬೇಡಿ, ಗುಜರಿಗೆ ಹಾಕಬೇಡಿ. ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ ಒಂದು ಕಬ್ಬಿಣದ ಬೀರು ಇಟ್ಟರೆ ಹತ್ತು ತೋಟದ ಪುಸ್ತಕ ಹಿಡಿಯುತ್ತದೆ, ಬೆಳೆಗಾರರ ಸಂಘಗಳಿಗೆ ಅದು ದೊಡ್ಡ ಖರ್ಚಲ್ಲ. ಅಲ್ಲಿಯತನಕ ಯಾರಾದರೂ ಆಫೀಸು ಗುಡಿಸಲು ಹೊರಟರೆ, ಆಟೋ ಕರೆಯುವ ಮುಂಚೆ ಮಲ್ಲಂದೂರಿಗೆ ಒಂದು ಮಾತು ಹೇಳಿ ಕಳಿಸಿ. ಕೆಜಿಗೆ ಹದಿನೈದು ನಾನೂ ಕೊಡುತ್ತೇನೆ.